ಭಾವನ ಕೈಗೆ ಕೊಟ್ಟೆ

ಅಲ್ಲ ಕಣೇ ಮಗಳೇ, ಅದು ಆಕಳಿಕೆಯಲ್ಲ. ಲಾಂಚಿನ ಚುಕ್ಕಾಣಿಯವನು "ಭಾವನ ಕೈಗೆ ಕೊಟ್ಟೆ" ಎಂದು ಗಟ್ಟಿಯಾಗಿ ಕೂಗಿ, ತನ್ನ ಬಾಯಿಗೆ ತಾನೇ ಅಂಗೈ ಒತ್ತಿಕೊಂಡು ನಿಂತ ಅಂದೆಯಲ್ಲ, ನೋಡಿ ನಗು ಬಂತು ಅಂದೆಯಲ್ಲ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಅಲ್ಲಿ ಭಾವ ಅಂದರೆ ಮನುಷ್ಯನೂ ಅಲ್ಲ. ಚಕ್ರದ ಪಕ್ಕದಲ್ಲಿ ಬೂದು ಬಣ್ಣದ ಒಂದು ಪೆಟ್ಟಿಗೆ ಇರುತ್ತದೆ, ನೋಡಿರಬೇಕು. ಗುಂಡಿ ಒತ್ತಿದರೆ ಲಾಂಚನ್ನು ಹೇಳಿದ ದಿಕ್ಕಿಗೆ ತಾನೇ ನಡೆಸಿಕೊಂಡು ಹೋಗುತ್ತದೆ. ಪುಸ್ತಕದಲ್ಲಿ ಅದರ ಹೆಸರು ಆಟೋಪೈಲಟ್. ನಮ್ಮ ಈ ಹೊಳೆಬಾಯಿಯ ನೀರಿನ ಮೇಲೆ ಓಡಾಡುವ ಒಂಬತ್ತು ಲಾಂಚುಗಳಲ್ಲಿ ಮಾತ್ರ ಅದು ಭಾವ. ಯಾರ ಭಾವ, ಬಾಯಿ ಯಾಕೆ ಮುಚ್ಚಿಕೊಳ್ಳಬೇಕು ಎಂದು ಈಗಿನವರನ್ನು ಕೇಳಿ ನೋಡು, ದೊಡ್ಡವರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ ಅನ್ನುತ್ತಾರೆ. ಆ ನೀಲಿ ದಾರದ ಉಂಡೆ ಇತ್ತ ತಳ್ಳು. ಹೇಳುತ್ತೇನೆ.

ನಮ್ಮ ಗೋಡೆಗೆ ಗೋಡೆ ಹೊಂದಿಕೊಂಡ ಮನೆಯಲ್ಲಿ ಒಬ್ಬ ಇದ್ದ. ಎಲ್ಲರೂ ಅವನನ್ನು ನಿಧಾನಣ್ಣ ಅನ್ನುತ್ತಿದ್ದರು. ಹೆಸರು ಬಂದದ್ದು ಸುಮ್ಮನೆ ಅಲ್ಲ. ಅವನು ಒಂದು ಕಾಲಿಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಬೇರೆಯವರು ಬೀದಿಯ ತುದಿ ಮುಟ್ಟಿ ವಾಪಸು ಬರುತ್ತಿದ್ದರು. ಚಹಾ ಕುಡಿಯಲು ಕೂತರೆ ಲೋಟವೇ ಬೇಸರಪಟ್ಟು ಎದ್ದು ಹೋಗಬೇಕು. ಆದರೆ ಅದೇ ನಿಧಾನ ಚುಕ್ಕಾಣಿ ಚಕ್ರದ ಮುಂದೆ ಚಿನ್ನ. ಅವನು ಲಾಂಚು ತಿರುಗಿಸಿದರೆ ತುಂಬಿದ ಲೋಟದಿಂದ ಒಂದು ಹನಿ ತುಳುಕುತ್ತಿರಲಿಲ್ಲ. ಕೂಸು ಮಲಗಿಸಿಕೊಂಡ ತಾಯಂದಿರು ಯಾರು ಇವತ್ತು ಚುಕ್ಕಾಣಿಗೆ ಎಂದು ಕೇಳಿಕೊಂಡು ಹತ್ತುತ್ತಿದ್ದರು.

ಹೆಂಡತಿ ಅದಕ್ಕೆ ತದ್ವಿರುದ್ಧ. ಬೀದಿಯವರ ಬಟ್ಟೆಯೆಲ್ಲ ಹೊಲಿಯುತ್ತಿದ್ದಳು, ಹಾಗಾಗಿ ಹೊಲಿಗೆಯಕ್ಕ. ಸೂಜಿ ನಿಂತರೂ ಅವಳ ನಾಲಿಗೆ ನಿಲ್ಲುತ್ತಿರಲಿಲ್ಲ. ಅವಳಿಗೆ ಒಬ್ಬ ಅಣ್ಣ, ಅವನೂ ಅದೇ ಲಾಂಚಿನಲ್ಲಿ ಚುಕ್ಕಾಣಿಯವನು. ಹುಟ್ಟುವಾಗಲೇ ಆ ಮನೆಯ ಮಾತನ್ನೆಲ್ಲ ತಂಗಿ ಗುತ್ತಿಗೆ ಹಿಡಿದಿದ್ದಳು ಅನಿಸುತ್ತದೆ, ಅಣ್ಣನ ಪಾಲಿಗೆ ಏನೂ ಉಳಿದಿರಲಿಲ್ಲ. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದ. ತೀರಾ ಬೇಕಾದರೆ "ಹೂಂ". ಮದುವೆಯಾಗಿ ಸಂಸಾರ ಮಾಡಲಿಲ್ಲ. ನಿಧಾನಣ್ಣನಿಗೆ ಅವನು ಭಾವ, ಅವನಿಗೂ ನಿಧಾನಣ್ಣ ಭಾವ. ತಂಗಿಯ ಮದುವೆಯ ಮಾತುಕತೆ ನಡೆದದ್ದೂ ಲಾಂಚಿನ ಮೇಲೇ ಅಂತೆ. ಚಕ್ರ ಹಸ್ತಾಂತರಿಸಿದ ಮೇಲೆ ಅವನು, "ನನ್ನ ತಂಗಿ ಇದಾಳೆ" ಅಂದನಂತೆ. ಇವನು ಯೋಚಿಸಿ ಯೋಚಿಸಿ ಆಚೆ ದಡ ಮುಟ್ಟಿದ ಮೇಲೆ "ಆಗಲಿ" ಅಂದನಂತೆ. ಹೊಲಿಗೆಯಕ್ಕ ಅದನ್ನು ಹೇಳಿಕೊಂಡು ನಗುತ್ತಿದ್ದಳು: "ಒಬ್ಬ ಕೊಟ್ಟೆ ಅಂದ, ಇನ್ನೊಬ್ಬ ತಗೊಂಡೆ ಅಂದ. ನನ್ನನ್ನ ಕೇಳೋರು ಯಾರೂ ಇರ್ಲಿಲ್ಲ ನೋಡಿ. ನಾನೇನು ಚಕ್ರಾನಾ?"

ಈ ಕೊಟ್ಟೆ, ತಗೊಂಡೆ ಅನ್ನುವುದನ್ನು ಸರಿಯಾಗಿ ಕೇಳಿಸಿಕೋ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಈ ದಡದಿಂದ ಆ ದಡಕ್ಕೆ ಆಗ ಐವತ್ತು ನಿಮಿಷ. ನಟ್ಟ ನಡುವೆ ಲಂಗರು ಹಾಕಿದ ಒಂದು ಕೆಂಪು ಪೀಪಾಯಿ ತೇಲುತ್ತದಲ್ಲ, ಮೇಲೆ ಗಂಟೆ ಕಟ್ಟಿದ್ದು, ಅಲ್ಲಿಯವರೆಗೆ ಒಬ್ಬ, ಅಲ್ಲಿಂದ ಇನ್ನೊಬ್ಬ. ಗಂಟೆ ಪೀಪಾಯಿ ಪಕ್ಕಕ್ಕೆ ಬಂದಾಗ ಕೊಡುವವನು ದಿಕ್ಸೂಚಿ ನೋಡಿ, "ಕೊಟ್ಟೆ, ನೂರಾ ಇಪ್ಪತ್ತು" ಅನ್ನಬೇಕು. ಅಂದರೆ ಲಾಂಚಿನ ಮೂತಿ ನೂರಾ ಇಪ್ಪತ್ತು ಡಿಗ್ರಿಗೆ ಇದೆ ಎಂದು. ತೆಗೆದುಕೊಳ್ಳುವವನು ಅದನ್ನೇ ತಿರುಗಿ ಹೇಳಬೇಕು: "ತಗೊಂಡೆ, ನೂರಾ ಇಪ್ಪತ್ತು." ಆ ಉತ್ತರ ಕಿವಿಗೆ ಬೀಳುವವರೆಗೆ ಕೊಟ್ಟವನು ಕೈ ಬಿಡುವ ಹಾಗಿಲ್ಲ. ಬರುವಾಗ ಮುನ್ನೂರು, ಹೋಗುವಾಗ ನೂರಾ ಇಪ್ಪತ್ತು. ಹೀಗೆ ಇಪ್ಪತ್ತೆರಡು ವರ್ಷ. ಭಾವ ಒಂದು ದಿನಕ್ಕೆ ಆಡುತ್ತಿದ್ದ ಮಾತು ಹೆಚ್ಚು ಕಡಿಮೆ ಅಷ್ಟೇ. ಅನ್ನುವ ಮೊದಲು ಗಂಟಲಲ್ಲಿ ಸಣ್ಣಗೆ ಒಂದು ಕೆಮ್ಮು, ಮಾತಾಡುವುದಕ್ಕೆ ಕ್ಷಮೆ ಕೇಳಿದ ಹಾಗೆ. ಆಮೇಲೆ "ತಗೊಂಡೆ". ಖಲಾಸಿಗಳು ತಮಾಷೆ ಮಾಡುತ್ತಿದ್ದರು, "ಭಾವನಿಗೆ ಇವತ್ತು ಗಂಟಲು ಕಟ್ಟಿದೆಯಂತೆ, ಭಾಷಣ ರದ್ದು."

ಆ ದಿನ ಮಧ್ಯಾಹ್ನ ಬಿಸಿಲಿತ್ತು. ಗಾಳಿಯೂ ಇಲ್ಲ, ಮಂಜೂ ಇಲ್ಲ, ನೆಪ ಹೇಳಲು ಏನೂ ಇರಲಿಲ್ಲ. ಭಾವ ತನ್ನ ಸರದಿಗೆ ಇನ್ನೂ ಹೊತ್ತಿರುವಾಗಲೇ ಮೇಲೆ ಬಂದು, ಚಕ್ರದ ಮುಂದಿನ ಎತ್ತರದ ಸ್ಟೂಲನ್ನು ತೋರಿಸಿದ. ಕೂರಲೇ ಎಂದು ಅದರ ಅರ್ಥ. ನಿಧಾನಣ್ಣ ಎಡಕ್ಕೆ ಸರಿದು ನಿಂತು ಬಲಗೈಯಲ್ಲೇ ಚಕ್ರ ಹಿಡಿದ. ಭಾವ ಕೂತು, ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಎರಡೂ ಕೈಗಳನ್ನು ಚಕ್ರದ ಕೆಳಗಿನ ಹಿಡಿಗಳ ಮೇಲೆ ಇಟ್ಟ. ದಿನಾ ಹಾಗೇ ಇಡುತ್ತಿದ್ದ. ಇಬ್ಬರೂ ಮಾತಿಲ್ಲದೆ ಮುಂದೆ ನೋಡುತ್ತ ಹೋದರು. ಅದೂ ದಿನದ ಹಾಗೇ. ಕ್ಯಾಪ್ಟನ್ ಕೆಳಗಿದ್ದ. ಅಲ್ಲಿ ಲಾಂಚಿಗೆ ಏರಿಸಿದ್ದ ಎರಡು ಲಾರಿಯವರು ಯಾರದು ಯಾರಿಗೆ ತಾಗಿತು ಎಂದು ಕೊರಳಪಟ್ಟಿ ಹಿಡಿದುಕೊಂಡಿದ್ದರು.

ಗಂಟೆ ಪೀಪಾಯಿ ಪಕ್ಕಕ್ಕೆ ಬಂತು. ನಿಧಾನಣ್ಣ ದಿಕ್ಸೂಚಿಯ ಮೇಲೆ ಕಣ್ಣಿಟ್ಟು ಹೇಳಿದ: "ಕೊಟ್ಟೆ, ನೂರಾ ಇಪ್ಪತ್ತು."

ಸಣ್ಣ ಕೆಮ್ಮು. "ತಗೊಂಡೆ, ನೂರಾ ಇಪ್ಪತ್ತು."

ನಿಧಾನಣ್ಣ ಕೈ ಬಿಟ್ಟು, ಏಣಿ ಇಳಿದು, ಹಿಂಭಾಗದಲ್ಲಿ ಚಹಾ ಮಾರುವ ಅಮ್ಮನ ಹತ್ತಿರ ಹೋಗಿ ಲೋಟ ಹಿಡಿದುಕೊಂಡು ಕೂತ. ಇಪ್ಪತ್ತೈದು ನಿಮಿಷ ಅಲ್ಲೇ. ಲಾಂಚು ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಜೆಟ್ಟಿ ಹತ್ತಿರವಾದಾಗ ಇಂಜಿನ್ನಿನ ವೇಗ ಇಳಿಸಲು ಕ್ಯಾಪ್ಟನ್ ಮೇಲೆ ಹೋದ. ಆಮೇಲೆ ಅವನು ಕೂಗಿದ ಕೂಗು ಆ ದಡದವರಿಗೂ ಕೇಳಿಸಿತಂತೆ.

ಭಾವ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ. ಕೈಗಳು ಚಕ್ರದ ಮೇಲೆ. ಕಣ್ಣು ಅರ್ಧ ತೆರೆದಿತ್ತು. ಮೈ ತಣ್ಣಗಾಗಿತ್ತು.

ವೈದ್ಯರು ಬಂದು ನೋಡಿ, ಎದೆ ನಿಂತು ಒಂದು ಗಂಟೆಯ ಹತ್ತಿರ ಆಗಿದೆ ಅಂದರು. ಕೈಬೆರಳು ಮಡಿಚಿ ಲೆಕ್ಕ ಹಾಕು. ವೈದ್ಯರು ನೋಡುವ ಹೊತ್ತಿಗೆ ಗಂಟೆ ಪೀಪಾಯಿ ದಾಟಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಅಂದರೆ ಕೊಟ್ಟೆ ಎಂದಾಗ ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಲಾಂಚಿನಲ್ಲಿ ನಲವತ್ತ ಮೂರು ಜನ ಇದ್ದರು. ಒಬ್ಬರ ಕಾಲುಗುರಿಗೂ ನೋವಾಗಲಿಲ್ಲ, ಅದು ಬೇರೆ ಮಾತು.

ಬಂದರು ಕಚೇರಿಯಲ್ಲಿ ವಿಚಾರಣೆ. ಅಧಿಕಾರಿ ಕನ್ನಡಕ ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಉತ್ತರ ಕೇಳಿಸ್ತಾ, ಇಲ್ವಾ? ಯೋಚಿಸಿ ಹೇಳಪ್ಪ. ಕೇಳಿಸಿಲ್ಲ ಅಂದ್ರೆ ಚಕ್ರ ಅನಾಥ ಬಿಟ್ಟು ಹೋದೆ ಅಂತ ಆಗುತ್ತೆ, ನಿನ್ನ ಪರವಾನಗಿ ಹೋಗುತ್ತೆ."

"ಕೇಳಿಸ್ತು ಸಾರ್."

"ಸತ್ತೋನು ಹೇಳಿದ್ನಾ?"

"ಯಾರ್ ಹೇಳಿದ್ರೋ ಗೊತ್ತಿಲ್ಲ ಸಾರ್. ಕೇಳಿಸ್ತು. ಕೆಮ್ಮಿದ್ದೂ ಕೇಳಿಸ್ತು."

ನಿಧಾನಣ್ಣ ಸುಳ್ಳು ಹೇಳುವ ಪೈಕಿ ಅಲ್ಲ ಎಂದು ಆ ಅಧಿಕಾರಿಗೂ ಗೊತ್ತಿತ್ತು. ವೈದ್ಯರ ಲೆಕ್ಕ ಅರ್ಧ ಗಂಟೆ ಆಚೆ ಈಚೆ ಇರಬಹುದು ಎಂದು ಅವನೇ ಸಮಾಧಾನ ಮಾಡಿಕೊಂಡ. "ಉತ್ತರ ಕೇಳಿಸಿತು" ಎಂದು ಬರೆದು ಕಡತ ಕಟ್ಟಿದ.

ಕಚೇರಿಯ ಕಡತ ಕಟ್ಟಿದರೆ ಮನೆಯದು ಕಟ್ಟುತ್ತದೆಯೇ? ಅಷ್ಟು ಮಾತಾಡುತ್ತಿದ್ದ ಹೊಲಿಗೆಯಕ್ಕ ಈಗ ಒಂದೇ ಮಾತು ಕೇಳುತ್ತಿದ್ದಳು. ಅವನು ಉಣ್ಣುತ್ತಿರುವಾಗ, ಬಟ್ಟೆ ಮಡಚುತ್ತಿರುವಾಗ, ಹಲ್ಲುಜ್ಜುತ್ತಿರುವಾಗ.

"ರೀ, ನಿಜವಾಗ್ಲೂ ಅಂದ್ನಾ?"

"ಅಂದ ಕಣೇ."

"ಹೇಗಂದ?"

"ದಿನಾ ಅನ್ನೋ ಹಾಗೇ."

"ನೋವು ಗೀವು ಇದ್ದ ಹಾಗೆ ಅನಿಸ್ತಾ?"

"ಇಲ್ಲ."

ಅವಳು ತಲೆ ಆಡಿಸಿ ಎದ್ದು ಹೋಗುತ್ತಿದ್ದಳು. ಮಾತಿಲ್ಲದ ಅಣ್ಣನ ಕೊನೆಯ ಮಾತು ಅದು, ಎಣಿಸಿದರೆ ಮೂರೇ ಪದ. ಅದನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು. ನಿಧಾನಣ್ಣನಿಗೆ ಮಾತ್ರ ಅನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಇಷ್ಟೇ: ಆ ಮಾತು ನಿಜವಾಗಿ ಭಾವನದೇ? ಹೌದಾದರೆ ತಾನು ಮಾಡಿದ್ದು ಸರಿ. ಅಲ್ಲವಾದರೆ, ಕೂಸುಗಳನ್ನು ಮಲಗಿಸಿಕೊಂಡು ಕೂತ ತಾಯಂದಿರನ್ನು ಒಂದು ಹೆಣದ ಕೈಗೆ ಕೊಟ್ಟು ತಾನು ಚಹಾ ಕುಡಿಯಲು ಹೋಗಿದ್ದ.

ಮೂರು ತಿಂಗಳಾದ ಮೇಲೆ ಲಾಂಚಿನ ಕಂಪನಿಯವರು ಭಾವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಲಿಲ್ಲ, ಆ ಬೂದು ಪೆಟ್ಟಿಗೆ ತಂದರು. ಜೋಡಿಸಲು ಬಂದ ಮೆಕ್ಯಾನಿಕ್ಕು ಬಾಯಿಬಡುಕ. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಪಾಠ ಮಾಡಿದ.

"ಆಟೋ ಅಂದ್ರೆ ತಾನೇ ಅಂತ. ಪೈಲಟ್ ಅಂದ್ರೆ ದಾರಿ ನಡೆಸೋನು. ಚಕ್ರಗಿಕ್ರ ಇಲ್ಲದ ಕಾಲದಲ್ಲಿ ದೋಣಿ ಹಿಂದೆ ಕೂತು ಹುಟ್ಟು ಹಿಡಿದು ದಾರಿ ತಿದ್ದುತಾ ಇದ್ರಲ್ಲ, ಗ್ರೀಕ್ ಜನ ಆ ಹುಟ್ಟಿಗೆ ಇಟ್ಟಿದ್ದ ಹೆಸರಿಂದ ಸವೆದು ಸವೆದು ಬಂದಿದ್ದು ಈ ಮಾತು."

"ನಾನು ಮೂರು ಚಕ್ರದ ಆಟೋ ಅಂದ್ಕೊಂಡೆ" ಅಂದಳು ಚಹಾದ ಅಮ್ಮ. "ಈ ನೀರಲ್ಲಿ ಮೀಟರ್ ಹಾಕಿ ಓಡಿಸ್ತಾರೇನೋ ಅಂತ."

ಎಲ್ಲರೂ ನಕ್ಕರು. ನಿಧಾನಣ್ಣ ನಗಲಿಲ್ಲ. "ಕೊಟ್ಟೆ ಅಂದ್ರೆ ಇದು ಉತ್ತರ ಕೊಡುತ್ತಾ?" ಎಂದು ಕೇಳಿದ.

"ಹಸಿರು ದೀಪ ಹತ್ತುತ್ತೆ."

"ದೀಪ ಅಲ್ಲ, ಮಾತು."

"ಮಾತಾಡೋಕೆ ಇದೇನು ನಿಮ್ಮ ಭಾವಾನಾ?"

ಪಾಪ, ಪರ ಊರಿನವನು, ಅವನಿಗೇನು ಗೊತ್ತು? ಚಹಾದ ಅಮ್ಮ ಲೋಟಗಳನ್ನು ಎತ್ತಿಕೊಂಡು ಇಳಿದುಹೋದಳು.

ಅಲ್ಲಿಂದ ಶುರು. ಗಂಟೆ ಪೀಪಾಯಿ ಬಂದರೆ ನಿಧಾನಣ್ಣ ಗುಂಡಿ ಒತ್ತುತ್ತಿದ್ದ, "ಕೊಟ್ಟೆ, ನೂರಾ ಇಪ್ಪತ್ತು" ಅನ್ನುತ್ತಿದ್ದ, ಆದರೆ ಕೈ ಬಿಡುತ್ತಿರಲಿಲ್ಲ. ದೀಪ ಹಸಿರಾಗುತ್ತಿತ್ತು. ಚಕ್ರ ಅವನ ಅಂಗೈಯೊಳಗೆ ತಾನಾಗಿ ಕೊಂಚ ಎಡಕ್ಕೆ, ಕೊಂಚ ಬಲಕ್ಕೆ ಹೊರಳುತ್ತಿತ್ತು, ನಿದ್ದೆಯಲ್ಲಿ ಮಗು ಬೆರಳು ಎಳೆಯುತ್ತದಲ್ಲ ಹಾಗೆ. ಬೆವರುತ್ತಿದ್ದ, ಬಿಡುತ್ತಿರಲಿಲ್ಲ. ಕ್ಯಾಪ್ಟನ್ ರೇಗುತ್ತಿದ್ದ.

"ಏನಯ್ಯಾ, ಹೆಂಡತಿ ಕೈ ಹಿಡಿದ ಹಾಗೆ ಹಿಡ್ಕೊಂಡಿದೀಯ? ಬಿಡು, ಅದು ನೋಡ್ಕೊಳುತ್ತೆ."

"ಉತ್ತರ ಬರ್ಲಿ ಸಾರ್."

"ಬಂದ ಹಾಗೇ ಇದೆ. ನಿನ್ನ ಜೊತೆ ಸೇರಿದ್ರೆ ಪೆಟ್ಟಿಗೆಗೂ ಹುಚ್ಚು ಹಿಡಿಯುತ್ತೆ."

ಹೀಗೇ ಎರಡು ವಾರ. ಒಂದು ಬೆಳಿಗ್ಗೆ ಮಂಜು ಕವಿದಿತ್ತು. ಗಾಜಿನ ಆಚೆ ಬರೀ ಬಿಳಿ, ಹಾಲಿನ ಪಾತ್ರೆಯೊಳಗೆ ಕೂತ ಹಾಗೆ. ಗಂಟೆಯ ಸದ್ದು ಮಾತ್ರ ಎಲ್ಲಿಂದಲೋ ಬಂದು ಪಕ್ಕಕ್ಕೆ ಸರಿಯಿತು. ಕ್ಯಾಪ್ಟನ್ ಹೊರಗಿನ ಕಟಕಟೆಗೆ ಒರಗಿ ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ನಿಧಾನಣ್ಣ ದಿಕ್ಸೂಚಿ ನೋಡಿ, ಗುಂಡಿ ಒತ್ತಿ, "ಕೊಟ್ಟೆ, ನೂರಾ ಇಪ್ಪತ್ತು" ಅಂದ.

ಸಣ್ಣ ಕೆಮ್ಮು.

"ತಗೊಂಡೆ, ನೂರಾ ಇಪ್ಪತ್ತು."

ಕೈ ತಾನಾಗಿ ಮೇಲೆದ್ದಿತು. ನಿಧಾನಣ್ಣ ಖಾಲಿ ಸ್ಟೂಲನ್ನು ನೋಡಿದ. ಅದರ ದಿಂಬು, ಹೊಲಿಗೆಯಕ್ಕನೇ ಅಣ್ಣನಿಗೆ ಹೊಲಿದು ಕೊಟ್ಟದ್ದು, ನಡುವೆ ಕುಳಿ ಬಿದ್ದೇ ಇತ್ತು. ಚಕ್ರ ಮೆಲ್ಲಗೆ ಎಡಕ್ಕೆ ಹೊರಳಿತು, ನಿಂತಿತು. ಅವನಿಗೆ ಹೆದರಿಕೆಯಾಗಲಿಲ್ಲವಂತೆ. ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತಂತೆ. ಏಣಿ ಇಳಿದು ಹೋಗಿ ಎರಡು ಚಹಾ ಕುಡಿದ.

ಆಮೇಲೆ ದಿನಾ ಉತ್ತರ ಬರತೊಡಗಿತು. ಮೊದಲು ಕೇಳಿಸಿಕೊಂಡದ್ದು ಏಣಿಯ ಬುಡದಲ್ಲಿ ಹಗ್ಗ ಸುತ್ತುತ್ತಿದ್ದ ಖಲಾಸಿ. ಮೇಲೆ ನಿಧಾನಣ್ಣ ಒಬ್ಬನೇ ಇದ್ದಾನೆ, ಎರಡು ದನಿ ಕೇಳುತ್ತಿದೆ. ಹಗ್ಗ ಅಲ್ಲೇ ಬಿಟ್ಟು ಓಡಿಬಂದು ಚಹಾದ ಅಮ್ಮನ ಪಕ್ಕ ಕೂತ. ಅವಳು ಅವನ ಮುಖ ನೋಡಿ, "ಏನೋ, ದೆವ್ವ ನೋಡಿದ ಹಾಗಿದೀಯ?" ಅಂದಳು.

"ನೋಡ್ಲಿಲ್ಲಮ್ಮ. ಭಾವ ತಗೊಂಡ್ರು."

ಮಾತು ಹೀಗೆ ಹುಟ್ಟಿತು. ಒಂದು ವಾರದಲ್ಲಿ ಆ ಲಾಂಚಿನವರೆಲ್ಲ ಪೆಟ್ಟಿಗೆಯನ್ನು ಭಾವ ಅನ್ನತೊಡಗಿದರು, ತಿಂಗಳಲ್ಲಿ ಉಳಿದ ಎಂಟು ಲಾಂಚಿನವರೂ. ಹೆದರಿಕೆಯಾದ ವಸ್ತುವಿಗೆ ನಂಟಿನ ಹೆಸರಿಟ್ಟರೆ ಅರ್ಧ ಹೆದರಿಕೆ ಹೋಗುತ್ತದೆ ನೋಡು. ಆದರೂ ಆ ಸ್ಟೂಲಿನ ಮೇಲೆ ಯಾರೂ ಕೂರುತ್ತಿರಲಿಲ್ಲ.

ನಿಧಾನಣ್ಣ ಎಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಾನು? ಒಂದು ಸಂಜೆ ಹೆಂಡತಿ ಗುಂಡಿ ಹೊಲಿಯುತ್ತಿದ್ದಾಗ ಎದುರು ಕೂತ.

"ನಿಮ್ಮಣ್ಣ ಅಲ್ಲೇ ಇದಾನೆ ಕಣೇ. ದಿನಾ ತಗೋತಾನೆ. ಆವತ್ತೂ ಅವನೇ ತಗೊಂಡಿದ್ದು. ನಾನು ತಪ್ಪು ಮಾಡಿಲ್ಲ."

ಹೊಲಿಗೆಯಕ್ಕ ಹಲ್ಲಿನಲ್ಲಿ ದಾರ ಕಡಿದಳು. "ನಾಳೆ ನಾನೂ ಬರ್ತೀನಿ" ಅಂದಳು, ಅಷ್ಟೇ.

ಮರುದಿನ ಚುಕ್ಕಾಣಿ ಕೋಣೆಯ ಹಿಂದಿನ ಬೆಂಚಿನ ಮೇಲೆ ಕೂತಳು. ಅವತ್ತೂ ಮಂಜು. ಕ್ಯಾಪ್ಟನ್ನಿಗೆ ಅವಳ ಮೇಲೆ ಮರುಕ, ಅಣ್ಣ ಕೂತಿದ್ದ ಜಾಗ ನೋಡಲು ಬಂದಿದ್ದಾಳೆ ಎಂದುಕೊಂಡು ತಾನೇ ಹೊರಗೆ ಹೋದ. ಗಂಟೆ ಹತ್ತಿರ ಬಂತು. "ಕೊಟ್ಟೆ, ನೂರಾ ಇಪ್ಪತ್ತು." ಕೆಮ್ಮು. "ತಗೊಂಡೆ, ನೂರಾ ಇಪ್ಪತ್ತು." ಅವಳ ಅಣ್ಣನದೇ ಗಂಟಲು, ಅವನದೇ ಎಳೆತ. ನಿಧಾನಣ್ಣ ತಿರುಗಿ ನೋಡಿದ, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಮುಖ ಹೊತ್ತುಕೊಂಡು.

"ಕೇಳಿಸ್ತಾ?"

ಅವಳ ಮುಖದಲ್ಲಿ ರಕ್ತ ಇರಲಿಲ್ಲ. "ಕೇಳಿಸ್ತು" ಅಂದಳು. ಆಚೆ ದಡ ಮುಟ್ಟುವವರೆಗೆ ಮತ್ತೆ ಬಾಯಿ ಬಿಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು ಎಂದು ನಿಧಾನಣ್ಣನಿಗೆ ಅನಿಸಿತು.

ವಾಪಸು ಬರುವಾಗ, ಗಂಟೆ ಇನ್ನೂ ದೂರ ಇರುವಾಗಲೇ, ಅವಳು ಎದ್ದು ಬಂದು ಅವನ ಪಕ್ಕ ನಿಂತಳು.

"ರೀ, ನಾನು ಹೇಳಿದ್ದು ಒಂದು ಮಾಡಿ. ಯಾಕೆ ಅಂತ ಕೇಳ್ಬೇಡಿ."

"ಏನು?"

"ಕೊಟ್ಟೆ ಅಂದ ತಕ್ಷಣ ಎಡಗೈ ಬಾಯಿಗೆ ಒತ್ಕೊಳ್ಳಿ. ಗಟ್ಟಿಯಾಗಿ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಹೆಂಡತಿಯ ದನಿ ಕೇಳಿ ತಲೆ ಆಡಿಸಿದ. ಗಂಟೆ ಬಂತು. "ಕೊಟ್ಟೆ, ಮುನ್ನೂರು" ಅಂದ. ಅಂಗೈಯನ್ನು ತುಟಿಗೆ ಒತ್ತಿಕೊಂಡ.

ಮೊದಲು ಅವನ ಗಂಟಲು ಅಲುಗಿತು. ಆಮೇಲೆ ಅಂಗೈಯ ಒಳಗೆ, ಬಟ್ಟೆಯ ಕೆಳಗೆ ಏನೋ ಹರಿದಾಡಿದ ಹಾಗೆ, ತುಟಿಗಳು ಆಡಿದವು. ಅವನು ಆಡಿಸಲಿಲ್ಲ. ಅವು ಆಡಿದವು. ಬಿಸಿ ಉಸಿರು ಬೆರಳ ಸಂದಿಯಿಂದ ಹೊರಬಂತು, ಅದರ ಜೊತೆಗೆ ಕಂಬಳಿಯೊಳಗಿಂದ ಮಾತಾಡಿದ ಹಾಗೆ ಭಾವನ ದನಿ: ತಗೊಂಡೆ, ಮುನ್ನೂರು.

ಅವನು ಕೈ ತೆಗೆದು ಅಂಗೈಯನ್ನು ನೋಡಿದ. ಒದ್ದೆಯಾಗಿತ್ತು.

"ಹೋಗುವಾಗ ಗಾಜಲ್ಲಿ ಕಾಣಿಸ್ತು" ಅಂದಳು ಹೊಲಿಗೆಯಕ್ಕ. "ಹೊರಗೆ ಬಿಳಿ ಇತ್ತಲ್ಲ, ನಿಮ್ಮ ಮುಖ ಕನ್ನಡೀಲಿ ಇದ್ದ ಹಾಗಿತ್ತು. ನಿಮ್ಮ ತುಟಿ, ಅವನ ದನಿ."

"ಆವತ್ತೂ..."

"ಆವತ್ತೂ ನೀವೇ ಅಂದಿರ್ಬೇಕು."

ಇಪ್ಪತ್ತೆರಡು ವರ್ಷ, ದಿನಕ್ಕೆ ಇಷ್ಟು ಸಲ, ಒಂದರ ಬೆನ್ನಿಗೆ ಒಂದು ಬಂದ ಎರಡು ಮಾತು. ಒಂದು ಬಾಯಿ ಸುಮ್ಮನಾದಾಗ ಇನ್ನೊಂದು ಬಾಯಿ ಯಜಮಾನನನ್ನು ಕೇಳದೆ ಎರಡನ್ನೂ ಹೇಳಿ ಮುಗಿಸಿತ್ತು. ಮೆಕ್ಯಾನಿಕ್ಕು ಪಾಠ ಮಾಡಿದನಲ್ಲ, ತಾನೇ ನಡೆಯುವುದು ಎಂದು. ಬೂದು ಪೆಟ್ಟಿಗೆ ಬರುವ ಮೊದಲೇ ಅಂಥದ್ದು ಒಂದು ನಿಧಾನಣ್ಣನ ಗಂಟಲಲ್ಲಿ ಕೂತಿತ್ತು. ಅವನು ಚಕ್ರ ಹಿಡಿದುಕೊಂಡ. ಆ ದಿನ ಮತ್ತೆ ಕೈ ಬಿಡಲೇ ಇಲ್ಲ.

ಮನೆಗೆ ಬಂದ ಮೇಲೆ ಹೊಲಿಗೆಯಕ್ಕ, "ಯಾರಿಗೂ ಹೇಳೋದು ಬೇಡ ಬಿಡಿ, ನನಗೆ ಗೊತ್ತಾದ್ರೆ ಸಾಕು" ಅಂದಳಂತೆ. ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಆ ಒಂದು ದಿನ ಮಾತ್ರ ಬೇಗ ಹಾಕಿಕೊಂಡನಂತೆ. ನೇರ ಬಂದರು ಕಚೇರಿ.

ಅಧಿಕಾರಿ ಮನೆಗೆ ಹೊರಟಿದ್ದ. "ಮುಗಿದ ಕಡತ ಕಣಯ್ಯಾ, ಯಾಕೆ ಕೆದಕ್ತೀಯ?"

"ಕೇಳಿಸ್ತು ಅಂತ ಬರೆದಿದೀರಲ್ಲ ಸಾರ್, ಅದನ್ನ ಹೊಡೆದು ಹಾಕಿ. ಹೇಳಿದ್ದು ನಾನೇ ಅಂತ ಬರೀರಿ. ಮುಖ ನೋಡದೆ ಕೊಟ್ಟೆ ಅಂತ ಬರೀರಿ."

ಅಧಿಕಾರಿ ಬೀರು ತೆಗೆದು ಒಂದು ಕಾಗದದ ಸುರುಳಿ ತಂದು ಮೇಜಿನ ಮೇಲೆ ಬಿಡಿಸಿದ. ಲಾಂಚಿನ ಮೂತಿ ಯಾವ ಹೊತ್ತಿನಲ್ಲಿ ಯಾವ ಕಡೆಗಿತ್ತು ಎಂದು ಒಂದು ಲೇಖನಿ ತಾನಾಗಿ ಗೆರೆ ಎಳೆಯುತ್ತದೆ, ಅದರ ಕಾಗದ. ಭಾವ ಸತ್ತ ದಿನದ್ದು.

"ಹಾಗಾದ್ರೆ ಇದನ್ನ ಹೇಳು" ಅಂದ. "ಇಲ್ಲಿ ಪೀಪಾಯಿ. ಇಲ್ಲಿಂದ ಮುಂದೆ ಯಾರೂ ಹಿಡಿದಿಲ್ಲ. ಹೊಳೆಯ ಸೆಳೆತ ಬಲಕ್ಕೆ. ಆ ಕಡೆ ಇರೋ ಮರಳು ದಿಬ್ಬಕ್ಕೆ ಹೋಗಿ ಏರ್ಬೇಕಿತ್ತು ಲಾಂಚು. ಏರ್ಲಿಲ್ಲ. ಇಲ್ಲಿ ನೋಡು."

ದಿಬ್ಬಕ್ಕೆ ಇನ್ನೂ ದೂರ ಇರುವಾಗಲೇ ಗೆರೆ ಮೆಲ್ಲಗೆ ಐದು ಡಿಗ್ರಿ ಎಡಕ್ಕೆ ಬಾಗಿತ್ತು. ದಿಬ್ಬ ದಾಟಿದ ಮೇಲೆ ಅಷ್ಟೇ ಮೆಲ್ಲಗೆ ತಿರುಗಿ ನೂರಾ ಇಪ್ಪತ್ತಕ್ಕೆ ಬಂದಿತ್ತು. ಉಳಿದ ಚುಕ್ಕಾಣಿಯವರೆಲ್ಲ ಸೆಳೆತ ತಳ್ಳಿದ ಮೇಲೆ ತಿದ್ದುತ್ತಿದ್ದರು. ತಳ್ಳುವ ಮೊದಲೇ ಐದು ಡಿಗ್ರಿ ಕೊಡುತ್ತಿದ್ದವನು ಭಾವ ಒಬ್ಬನೇ. ನಿಧಾನಣ್ಣ ಆ ಬಾಗಿನ ಮೇಲೆ ಬೆರಳಿಟ್ಟ.

"ನನಗೆ ಗೊತ್ತಿಲ್ಲ ಸಾರ್. ನಾನು ಚಹಾ ಕುಡೀತಾ ಇದ್ದೆ."

ಅಧಿಕಾರಿ ಅವನು ಹೇಳಿದ್ದನ್ನೇ ಬರೆದ. ಪರವಾನಗಿ ಹೋಯಿತು. ನಿಧಾನಣ್ಣ ಅದನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟು, ಅಧಿಕಾರಿಯ ಮುಖ ನೋಡುತ್ತ ನಿಂತ. ಅವನು ತಲೆ ಎತ್ತಿ "ತಗೊಂಡೆ" ಅನ್ನುವವರೆಗೆ ಕೈ ಬಿಡಲಿಲ್ಲವಂತೆ.

ಸುರುಳಿಯ ವಿಷಯ ಹೇಳಿದಾಗ ಹೊಲಿಗೆಯಕ್ಕ ಅಂಗಿಯ ಅಂಚು ಮಡಚಿ ಹೊಲಿದು ಮುಗಿಸಿದಳು. "ಹಾಗಾದ್ರೆ ತಗೊಂಡಿದ್ದ" ಅಂದಳು ಕೊನೆಗೆ. "ಬಾಯಲ್ಲಿ ಹೇಳ್ಲಿಲ್ಲ, ಅಷ್ಟೇ. ಅವನು ಯಾವತ್ತು ಹೇಳಿದ್ದ?" ಆಮೇಲೆ ಅತ್ತಳು. ಅಣ್ಣ ಹೋದಾಗಲೂ ಅಷ್ಟು ಅತ್ತಿರಲಿಲ್ಲ, ಗೋಡೆಯ ಈಚೆಗೆ ನಮಗೆಲ್ಲ ಕೇಳಿಸಿತು.

ನಿಧಾನಣ್ಣ ಮುಂದೆ ಹನ್ನೊಂದು ವರ್ಷ ಜೆಟ್ಟಿಯಲ್ಲಿ ಲಾಂಚುಗಳು ಎಸೆಯುವ ಹಗ್ಗ ಹಿಡಿದು ಗೂಟಕ್ಕೆ ಕಟ್ಟುವ ಕೆಲಸ ಮಾಡಿದ. ಯಾರ ಮೇಲೂ ಮುನಿಸಿಲ್ಲ. ಹೊಸ ಚುಕ್ಕಾಣಿಯವರು ಬಂದರೆ ಕೂರಿಸಿಕೊಂಡು ಎರಡೇ ಮಾತು ಹೇಳುತ್ತಿದ್ದ: ಮನುಷ್ಯನಿಗೆ ಕೊಡುವಾಗ ಮುಖ ನೋಡಿ ಕೊಡಿ, ಭಾವನಿಗೆ ಕೊಡುವಾಗ ನಿಮ್ಮ ಬಾಯಿ ಮುಚ್ಚಿಕೊಂಡು ಹತ್ತು ಎಣಿಸಿ. ತುಟಿ ಅಲುಗದಿದ್ದರೆ ಕೈ ಬಿಡಿ. ಅಲುಗಿದರೆ ಅವತ್ತು ಚಕ್ರ ಬಿಡಬೇಡಿ. ಅದನ್ನೇ ಅವರು ಇವತ್ತಿಗೂ ಮಾಡುತ್ತಿರುವುದು. ಯಾರದಾದರೂ ಅಲುಗಿದೆಯೇ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಕೆಲವು ದಿನ ಕೆಲವರು ಆ ದಡದವರೆಗೂ ಚಹಾಕ್ಕೆ ಇಳಿಯುವುದಿಲ್ಲ, ಅದನ್ನು ಚಹಾದ ಅಮ್ಮನ ಮಗಳು ನೋಡಿದ್ದಾಳೆ.

ಇಗೋ, ಕೊನೆಯ ಗಂಟು. ಆಯಿತು ದಿಂಬು. ಆ ಸ್ಟೂಲಿಗೆ ದಿಂಬು ಹೊಲಿಯುವುದು ಹೊಲಿಗೆಯಕ್ಕನ ಕೆಲಸವಾಗಿತ್ತು, ಅವಳ ಕಣ್ಣು ಮಂಜಾದ ಮೇಲೆ ಈ ಮನೆಗೆ ಬಂತು. ನಾಳೆ ಏಳೂವರೆಯ ಲಾಂಚಿಗೆ ಹೋಗುತ್ತೀಯಲ್ಲ, ಇದನ್ನು ಮೇಲಿನ ಕೋಣೆಗೆ ತಲುಪಿಸಿಬಿಡು. ಗಂಟೆ ಪೀಪಾಯಿ ದಾಟಿದ ಮೇಲೆ ಏಣಿ ಹತ್ತು, ಮೊದಲಲ್ಲ, ಚುಕ್ಕಾಣಿಯವನು ಎಣಿಸುತ್ತಿರುವಾಗ ಮಾತಾಡಿಸಬಾರದು. ಕೊಡುವಾಗ ಮುಖ ನೋಡಿ ಕೊಡು. ತಗೊಂಡೆ ಅಂದಾಗ ತುಟಿ ಅಲುಗಿದ್ದು ನಿನ್ನ ಕಣ್ಣಿಗೆ ಕಾಣಬೇಕು, ಆಮೇಲೆ ಕೈ ಬಿಡು. ಬರುವಾಗ ನೀಲಿ ದಾರದ ಉಂಡೆ ಒಂದು ತಾ, ಇದು ಮುಗಿಯಿತು.